ಮನೆಯ ಸಿಟ್ಟು ಕೆಲಸದ ಮೇಜಿಗೆ ಬಂದಾಗ

'ಏನಯ್ಯಾ ನಿಂದು?' 'ನಾಳೆ ಬಾ ಹೋಗು.' 'ಚಿಲ್ಲರೆ ಇಲ್ಲದೆ ಬಸ್ಸು ಯಾಕೆ ಹತ್ತುತೀಯಾ?' 'ಎಷ್ಟು ಸಲ ಹೇಳಬೇಕಮ್ಮಾ ನಿನಗೆ, ಕಿವಿ ಕೇಳಿಸಲ್ವಾ?'

ಇಂಥ ಮಾತೊಂದನ್ನು ಕೇಳಿಸಿಕೊಳ್ಳದೆ ಒಂದು ತಿಂಗಳು ಕಳೆದವರು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ವಿರಳ. ನಂಜನಗೂಡಿನ ಬಸ್ ನಿಲ್ದಾಣವಿರಲಿ, ತಿ. ನರಸೀಪುರದ ಯಾವುದಾದರೊಂದು ಕಚೇರಿಯ ಕಿಟಕಿಯಿರಲಿ, ಔಷಧಿ ಅಂಗಡಿಯಿರಲಿ, ಆಸ್ಪತ್ರೆಯ ಚೀಟಿ ಕೊಡುವ ಜಾಗವಿರಲಿ, ಎಲ್ಲೋ ಒಂದು ಕಡೆ ಯಾರೋ ಒಬ್ಬರು ಮುಖಕ್ಕೆ ಹೊಡೆದಂತೆ ಮಾತನಾಡಿರುತ್ತಾರೆ. ಕೇಳಿಸಿಕೊಂಡವರು ಮನೆಗೆ ಬಂದು, 'ಆ ಮನುಷ್ಯನಿಗೆ ಏನು ರೋಗ ಬಂದಿದೆಯೋ' ಎಂದು ಗೊಣಗುತ್ತಾರೆ. ಬೈಗುಳವಾಗಿ ಆಡಿದ ಈ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ ಎಂಬುದೇ ಈ ವಾರದ ವಿಷಯ.

ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳಿ. ಕೆಲಸ ತಿ. ನರಸೀಪುರದಲ್ಲಿ, ಮಕ್ಕಳ ಓದಿಗೆಂದು ಮನೆ ಮಾಡಿರುವುದು ಮೈಸೂರಿನಲ್ಲಿ. ರಾತ್ರಿಯೆಲ್ಲ ತಂದೆಗೆ ಕೆಮ್ಮು, ನಿದ್ದೆಯಿಲ್ಲ. ಬೆಳಗ್ಗೆ ಏಳು ಗಂಟೆಗೆ ಮಗಳ ಪಿ.ಯು. ಶುಲ್ಕದ ಮಾತು ಬಂತು. ಊರಿನ ಜಮೀನು ಪಾಲಾಗಲಿಲ್ಲವೆಂದು ತಮ್ಮನ ಫೋನು. 'ನಿಮ್ಮ ಮನೆಯವರಿಗೆ ಕೊಡೋದಕ್ಕೆ ದುಡ್ಡಿರುತ್ತೆ' ಎಂದು ಹೆಂಡತಿಯ ಒಂದು ಮಾತು, ಅದಕ್ಕೆ ಇವರದು ನಾಲ್ಕು ಮಾತು. ತಟ್ಟೆಯ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹತ್ತೂಕಾಲಕ್ಕೆ ಕುರ್ಚಿಯಲ್ಲಿ ಕುಳಿತಾಗ ತಲಕಾಡಿನ ಕಡೆಯ ವೃದ್ಧರೊಬ್ಬರು ಪೌತಿ ಖಾತೆಯ ಕಾಗದ ಹಿಡಿದು, 'ಬುದ್ಧಿ, ಇದೇನಾಯ್ತು ನೋಡಿ' ಎನ್ನುತ್ತಾರೆ. ಉತ್ತರವಾಗಿ ಸಿಡಿಯುವುದು 'ಏನಯ್ಯಾ ನಿಂದು?' ಬೆಳಗಿನ ಜಗಳಕ್ಕೂ ಆ ವೃದ್ಧರಿಗೂ ಯಾವ ಸಂಬಂಧವೂ ಇಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಹಿರಿಯರು ಗಾದೆಯಲ್ಲಿ ಹೇಳಿದ್ದನ್ನು ಸಂಶೋಧಕರು ದಿನಚರಿಯ ಮೂಲಕ ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ನಡೆದು 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 166 ದಂಪತಿಗಳು ಆರು ವಾರಗಳ ಕಾಲ ಪ್ರತಿದಿನ ಮನೆಯಲ್ಲೇನಾಯಿತು, ಕೆಲಸದಲ್ಲೇನಾಯಿತು ಎಂದು ಬರೆದಿಟ್ಟರು. ಒಂದು ಕಡೆಯ ಒತ್ತಡ ಇನ್ನೊಂದು ಕಡೆಗೆ ಹರಿಯುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಅದರಲ್ಲಿ ಸಂಶೋಧಕರು ನಿರೀಕ್ಷಿಸದ ಸಂಗತಿಯೊಂದಿತ್ತು. ಮನೆಯ ತಾಪತ್ರಯವನ್ನು ಕೆಲಸಕ್ಕೆ ಹೊತ್ತು ತರುವುದು ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚಾಗಿತ್ತು. 'ಹೆಂಗಸರು ಮನೆ ಚಿಂತೆಯನ್ನು ಆಫೀಸಿಗೆ ತರುತ್ತಾರೆ' ಎಂದು ಹೇಳುವ ಮೇಲಧಿಕಾರಿಗಳು ಇದನ್ನು ಗಮನಿಸಬೇಕು.

ಹೀಗೆ ಹರಿಯುವುದಕ್ಕೆ ಶರೀರದಲ್ಲಿ ಕಾರಣವಿದೆ. ಜಗಳವಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಎರಡು ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಏರಿಸುವ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಕಾರ್ಟಿಸಾಲ್ ಅಷ್ಟು ಬೇಗ ಇಳಿಯುವುದಿಲ್ಲ. ಅದಕ್ಕೆ ಒಂದು ಗಂಟೆಗೂ ಮೀರಿ ಸಮಯ ಬೇಕು. ಮೈಸೂರಿನಿಂದ ನಂಜನಗೂಡಿಗೋ ನರಸೀಪುರಕ್ಕೋ ಬಸ್ಸಿನಲ್ಲಿ ಬರುವಷ್ಟು ಹೊತ್ತಿನಲ್ಲಿ ಅದು ಅರ್ಧವಾದರೂ ಇಳಿಯಬೇಕಲ್ಲ ಎಂದು ನೀವು ಕೇಳಬಹುದು. ಇಳಿಯುತ್ತಿತ್ತು, ನಾವು ಬಿಟ್ಟಿದ್ದರೆ. ಆದರೆ ಕಿಟಕಿ ಪಕ್ಕ ಕುಳಿತು 'ಅವಳು ಹಾಗೆ ಅಂದಳು, ನಾನು ಹೀಗೆ ಅನ್ನಬೇಕಿತ್ತು' ಎಂದು ಮೆಲುಕು ಹಾಕುತ್ತಾ ಬಂದರೆ ಪ್ರತಿ ಮೆಲುಕಿಗೂ ಒಲೆಗೆ ಒಂದು ಕಟ್ಟಿಗೆ ಇಟ್ಟಂತಾಗುತ್ತದೆ. ಈಗ ಕೈಯಲ್ಲಿ ಮೊಬೈಲ್ ಬೇರೆ. ಬಾಗಿಲಲ್ಲಿ ಮುಗಿಯಬೇಕಿದ್ದ ಜಗಳ ಕಡಕೊಳ ದಾಟಿದರೂ ವಾಟ್ಸಾಪಿನಲ್ಲಿ ಮುಂದುವರಿಯುತ್ತದೆ.

ಪಿತ್ತವೋ, ಅಭ್ಯಾಸವೋ?

ಮನೆಯಲ್ಲಿ ತೊಂದರೆಯಿರುವ ಎಲ್ಲರೂ ಹೊರಗೆ ಸಿಡುಕುವುದಿಲ್ಲ. ಅದೇ ಕಚೇರಿಯಲ್ಲಿ, ಅಷ್ಟೇ ಸಾಲ ಮತ್ತು ಅಷ್ಟೇ ಕಾಯಿಲೆ ಇರುವ ಮನೆಯಿಂದ ಬಂದ ಇನ್ನೊಬ್ಬರು 'ಕೂತ್ಕೊಳ್ಳಿ ಯಜಮಾನ್ರೇ' ಎನ್ನುತ್ತಾರೆ. ಇಲ್ಲಿ ಸ್ವಭಾವದ ಪ್ರಶ್ನೆ ಬರುತ್ತದೆ.

ನಂಜನಗೂಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಸ್ಥಾಪಿಸಿದ ಊರು ಅದು. ವಾತ, ಪಿತ್ತ, ಕಫದ ಮಾತು ಅಲ್ಲಿ ಮನೆಮಾತು. ಬೇಗ ಕೆರಳುವವರನ್ನು 'ಪಿತ್ತ ಪ್ರಕೃತಿ' ಎನ್ನುತ್ತೇವೆ, 'ಪಿತ್ತ ನೆತ್ತಿಗೇರಿತು' ಎನ್ನುತ್ತೇವೆ. ಪ್ರಾಚೀನ ಗ್ರೀಕರೂ ಕೋಪಿಷ್ಠರಲ್ಲಿ ಹಳದಿ ಪಿತ್ತ ಹೆಚ್ಚೆಂದು ನಂಬಿದ್ದರು. ಇಂದಿನ ಮನೋವಿಜ್ಞಾನ ಪಿತ್ತವನ್ನು ಒಪ್ಪದಿದ್ದರೂ ಅದರ ಹಿಂದಿನ ಗಮನಿಕೆಯನ್ನು ಒಪ್ಪುತ್ತದೆ. ಹುಟ್ಟುವಾಗಲೇ ಮಕ್ಕಳ ನಡುವೆ ವ್ಯತ್ಯಾಸವಿರುತ್ತದೆ. ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ಎಂಬ ವೈದ್ಯ ದಂಪತಿ 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಎಳವೆಯಿಂದ ಬೆಳೆದು ದೊಡ್ಡವರಾಗುವವರೆಗೆ ಗಮನಿಸಿದರು. ಕೆಲವು ಮಕ್ಕಳು ಸಲೀಸು, ಕೆಲವು ಹಟಮಾರಿ, ಇನ್ನು ಕೆಲವು ಹೊಸಬರನ್ನು ಕಂಡರೆ ಹಿಂಜರಿದು ನಿಧಾನವಾಗಿ ಹೊಂದಿಕೊಳ್ಳುವಂಥವು. ಅವಳಿ ಮಕ್ಕಳ ಮೇಲೆ ನಡೆದ ಅನೇಕ ಅಧ್ಯಯನಗಳು ಸ್ವಭಾವದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಪಾಲು ವಂಶದಿಂದ ಬಂದದ್ದೆಂದು ಹೇಳುತ್ತವೆ. ಉಳಿದ ಪಾಲು ಬದುಕಿನಿಂದ ಬಂದದ್ದು.

ಥಾಮಸ್ ಮತ್ತು ಚೆಸ್ ಒತ್ತಿ ಹೇಳಿದ್ದು ಮತ್ತೊಂದು ಸಂಗತಿ. ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಅದು ಇರುವ ಜಾಗಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದು ಮುಖ್ಯ. ಒಂದೇ ಕೆಲಸವನ್ನು ತದೇಕಚಿತ್ತದಿಂದ ಮಾಡುವವರಿಗೆ ಲೆಕ್ಕದ ಪುಸ್ತಕ ಕೊಟ್ಟರೆ ಚಿನ್ನದಂಥ ಮನುಷ್ಯ. ದಿನಕ್ಕೆ ಇನ್ನೂರು ಜನ ಬಂದು ಅದೇ ಪ್ರಶ್ನೆ ಕೇಳುವ ಕಿಟಕಿಯಲ್ಲಿ ಕೂರಿಸಿದರೆ ಮಧ್ಯಾಹ್ನದೊಳಗೆ ಮುಳ್ಳುಹಂದಿ. ನಮ್ಮ ಕಚೇರಿಗಳಲ್ಲಿ ಕಿಟಕಿಗೆ ಯಾರನ್ನು ಕೂರಿಸಬೇಕೆಂದು ನಿರ್ಧರಿಸುವಾಗ ಈ ಯೋಚನೆ ಎಷ್ಟು ಮಂದಿ ಮಾಡುತ್ತಾರೋ ಕಾಣೆ. ಸಾಮಾನ್ಯವಾಗಿ ಅದು ಹೊಸಬರ ಅಥವಾ ಮೇಲಿನವರಿಗೆ ಬೇಡವಾದವರ ಜಾಗ.

ಆದರೆ 'ನನ್ನದು ಮುಂಗೋಪ, ಏನು ಮಾಡಲಿ' ಎನ್ನುವವರಿಗೆ ಒಂದು ಪ್ರಶ್ನೆ ಕೇಳಲೇಬೇಕು. ಆ ಮುಂಗೋಪ ತಹಸೀಲ್ದಾರರ ಮುಂದೆ ಎಲ್ಲಿಗೆ ಹೋಗುತ್ತದೆ? ಸಿಡುಕುವವರನ್ನು ಒಂದು ದಿನ ಗಮನಿಸಿ ನೋಡಿ. ಪ್ಯಾಂಟು, ಶರಟು, ಇಂಗ್ಲಿಷ್ ಮಾತು ಇರುವವರಿಗೆ 'ಹೇಳಿ ಸಾರ್'. ಪಂಚೆ ಉಟ್ಟು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದವರಿಗೆ 'ಏನಯ್ಯಾ'. ಸಿಟ್ಟು ತಡೆಯಲಾಗದ ಪ್ರವಾಹವಾಗಿದ್ದರೆ ಅದು ಎದುರಿರುವವರನ್ನು ನೋಡಿ ಹರಿಯುತ್ತಿರಲಿಲ್ಲ. ಅಂದರೆ ತಡೆಯುವ ಶಕ್ತಿ ಇದೆ, ಅದನ್ನು ಎಲ್ಲರ ಮುಂದೆ ಬಳಸುತ್ತಿಲ್ಲ ಅಷ್ಟೆ. ಚಿಕಿತ್ಸೆಯ ದೃಷ್ಟಿಯಿಂದ ಇದು ಆಶಾದಾಯಕ ಸಂಗತಿ.

ನಮ್ಮ ಭಾಷೆಯಲ್ಲಿ ಒರಟುತನಕ್ಕೆ ಕೆಟ್ಟ ಪದವೇ ಬೇಕೆಂದಿಲ್ಲ, ಏಕವಚನ ಸಾಕು. ಈ ಸೀಮೆಯಲ್ಲಿ ಏಕವಚನ ಸಲಿಗೆಯೂ ಹೌದು. ಸಂತೆಯಲ್ಲಿ ಗೆಳೆಯ ಗೆಳೆಯನನ್ನು 'ಏನ್ಲಾ' ಎಂದರೆ ಅದು ಪ್ರೀತಿ. ಅದೇ ಧಾಟಿ ಕಿಟಕಿಯ ಆಚೆಯಿಂದ ಬಂದಾಗ ಅವಮಾನ. 'ನಾನು ಏನಂದೆ? ಹಳ್ಳಿ ಮಾತು ಅಷ್ಟೆ' ಎಂದು ಜಾರಿಕೊಳ್ಳುವುದಕ್ಕೂ ದಾರಿಯಿರುತ್ತದೆ. ಕೆಲಸದ ಸ್ಥಳದ ಒರಟುತನವನ್ನು ಅಧ್ಯಯನ ಮಾಡಿದ ಆಂಡರ್ಸನ್ ಮತ್ತು ಪಿಯರ್ಸನ್ 1999ರಲ್ಲಿ ಇದನ್ನೇ ಗುರುತಿಸಿದರು. ಬೇಕೆಂದೇ ಮಾಡಿದ್ದೋ ಅಲ್ಲವೋ ಎಂದು ಹೇಳಲಾಗದಷ್ಟು ಚಿಕ್ಕದಾಗಿರುವುದೇ ಅದರ ಗುಣ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಸ್ವಲ್ಪ ಸೇರಿಸಿ ಹಿಂದಿರುಗಿಸುತ್ತಾ ಹೋಗಿ ಕೊನೆಗೆ ದೊಡ್ಡ ಜಗಳವಾಗುತ್ತದೆ. ಬಸ್ಸಿನಲ್ಲಿ ಇದನ್ನು ದಿನವೂ ಕಾಣಬಹುದು. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದ ಮೇಲೆ ಹೆಂಗಸರಿಗೆ ಓಡಾಟ ಸುಲಭವಾಯಿತು, ಬಸ್ಸುಗಳು ತುಂಬಿದವು. ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಹರಿದುಕೊಡುವ ನಿರ್ವಾಹಕರು 'ಒಳಗೆ ಹೋಗಮ್ಮಾ' ಎನ್ನುವ ಸ್ವರದಲ್ಲಿ ಅವರ ಹಿಂದಿನ ರಾತ್ರಿಯ ನಿದ್ದೆ ಎಷ್ಟೆಂಬುದು ತಿಳಿಯುತ್ತದೆ.

ನಿದ್ದೆಯ ಪಾತ್ರ ಸಣ್ಣದಲ್ಲ. 2007ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟವರ ಮಿದುಳಿನಲ್ಲಿ ಭಯ-ಕೋಪಗಳ ಕೇಂದ್ರವಾದ ಅಮಿಗ್ಡಲ, ನಿದ್ದೆ ಮಾಡಿದವರಿಗಿಂತ ಶೇ 60ರಷ್ಟು ಹೆಚ್ಚು ಕೆರಳುವುದು ಕಂಡುಬಂತು. ಅದಕ್ಕೆ ಕಡಿವಾಣ ಹಾಕುವ ಮುಂಭಾಗದ ಮಿದುಳಿನೊಡನೆ ಅದರ ಸಂಪರ್ಕವೂ ಸಡಿಲವಾಗಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ, ಹಗಲು ಒಂದೇ ಕೋಣೆಯ ಮನೆಯಲ್ಲಿ ಟಿ.ವಿ., ಮಿಕ್ಸಿ, ಮಕ್ಕಳ ಗಲಾಟೆಯ ನಡುವೆ ಮಲಗುವವರ ಸ್ಥಿತಿಯನ್ನು ನೀವೇ ಊಹಿಸಿ. ತಿ. ನರಸೀಪುರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಂಥ ಕಡೆ ಕಣ್ಣು ಎಳೆಯ ಮೇಲೇ ಇರಬೇಕು, ಕಡಿದ ಎಳೆಯನ್ನು ಆಗಲೇ ಕೂಡಿಸಬೇಕು. ಇಂಥ ಕೆಲಸದಲ್ಲಿ ಪಕ್ಕದವರ ಒಂದು ಚುಚ್ಚುಮಾತಿಗೂ ಕೈ ತಪ್ಪುತ್ತದೆ.

ಕೈ ತಪ್ಪುತ್ತದೆ ಎಂಬುದು ಬರಿಯ ಮಾತಲ್ಲ. ಇಸ್ರೇಲಿನಲ್ಲಿ ನವಜಾತ ಶಿಶುಗಳ ತುರ್ತು ಘಟಕದ 24 ತಂಡಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬೊಂಬೆ ಶಿಶುವಿಗೆ ಚಿಕಿತ್ಸೆ ಮಾಡುವ ಮೊದಲು ಕೆಲವು ತಂಡಗಳಿಗೆ ಹೊರಗಿನ ತಜ್ಞರೊಬ್ಬರು ಹೀಯಾಳಿಸುವ ಮಾತೊಂದನ್ನು ಆಡಿದರು, ಅಷ್ಟೆ. ಆ ತಂಡಗಳ ವೈದ್ಯರೂ ದಾದಿಯರೂ ರೋಗ ಗುರುತಿಸುವುದರಲ್ಲಿಯೂ ಕೈಕೆಲಸದಲ್ಲಿಯೂ ಉಳಿದವರಿಗಿಂತ ಹಿಂದೆ ಬಿದ್ದರು. ಆಸ್ಪತ್ರೆಯಲ್ಲಿ ದಾದಿಯ ಮೇಲೆ ರೇಗುವ ರೋಗಿಯ ಕಡೆಯವರಿಗೂ, ದಾದಿಯನ್ನು ಎಲ್ಲರೆದುರು ಗದರುವ ಹಿರಿಯ ವೈದ್ಯರಿಗೂ ಇದು ತಿಳಿದಿರಲಿ. ನಷ್ಟವಾಗುವುದು ಹಾಸಿಗೆಯ ಮೇಲೆ ಮಲಗಿರುವವರಿಗೆ.

ಕಂತಿನ ದಿನ

ಈ ಭಾಗದಲ್ಲಿ ಕುಟುಂಬದ ಒತ್ತಡ ಎಂದಾಗ ಸಾಲದ ಮಾತು ಬಿಡುವಂತಿಲ್ಲ. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಓದುಗರಿಗೆ ನೆನಪಿರಬಹುದು. ಬಲವಂತದ ವಸೂಲಿ ತಡೆಯಲು ಸರ್ಕಾರ ಮರುತಿಂಗಳೇ ಸುಗ್ರೀವಾಜ್ಞೆ ತಂದಿತು. ಕಾನೂನಿನ ವಿಚಾರ ಈ ಅಂಕಣದ್ದಲ್ಲ. ಆದರೆ ವಾರದ ಕಂತಿನ ದಿನ ಆ ಮನೆಗಳಲ್ಲಿ ಏನಾಗುತ್ತದೆ ಎಂಬುದು ಆರೋಗ್ಯದ ವಿಚಾರ. ಹಿಂದಿನ ರಾತ್ರಿಯೇ ಗಂಡ ಹೆಂಡಿರ ನಡುವೆ ಮಾತು ನಿಲ್ಲುತ್ತದೆ. ಬೆಳಗ್ಗೆ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಂಗಸು ಪಕ್ಕದ ಯಂತ್ರದವಳ ಮೇಲೆ ಹರಿಹಾಯುತ್ತಾಳೆ. ಅಂಗನವಾಡಿ ಸಹಾಯಕಿ ಮಕ್ಕಳ ಮೇಲೆ. ಇನ್ನು ಬಾಗಿಲಿಗೆ ಬಂದು ಕೂಗಾಡುವ ಆ ಹುಡುಗನೂ ಅಂಥದೇ ಒಂದು ಮನೆಯಿಂದ ಬಂದವನಾಗಿರಬಹುದು. ಒರಟಾಗಿ ಮಾತನಾಡುವುದನ್ನೇ ಉದ್ಯೋಗ ಮಾಡಿಕೊಟ್ಟವರು ಬೇರೆ, ಬೈಸಿಕೊಳ್ಳುವವನು ಅವನು.

ಹೆಂಗಸರ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಐದು ಗಂಟೆಯ ದುಡಿಮೆಯ ಮೇಲೆ ಎಂಟು ಗಂಟೆಯ ಕೆಲಸ ಮಾಡುವವರ ನಾಲಗೆ ಸಂಜೆಯ ಹೊತ್ತಿಗೆ ಚುರುಕಾದರೆ ಆಶ್ಚರ್ಯವಿಲ್ಲ. ಅವರಿಗೆ ಧ್ಯಾನ ಕಲಿಸುವ ಮೊದಲು ಬೆಳಗಿನ ತಿಂಡಿ ಡಬ್ಬಿ ಕಟ್ಟುವ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳುವುದು ಒಳ್ಳೆಯ ಚಿಕಿತ್ಸೆ.

ದೇಹದಲ್ಲೇ ಕಾರಣವಿದ್ದರೆ

'ಅವರು ಹಾಗಿರಲಿಲ್ಲ, ಈ ಆರು ತಿಂಗಳಿಂದ ಹೀಗಾಗಿದ್ದಾರೆ' ಎಂಬ ಮಾತನ್ನು ಮನೆಯವರು ಹೇಳಿದರೆ ವೈದ್ಯರು ಕಿವಿ ನಿಮಿರಿಸುತ್ತಾರೆ. ಹುಟ್ಟಿದಾಗಿನಿಂದ ಇರುವ ಮುಂಗೋಪ ಬೇರೆ, ಹೊಸದಾಗಿ ಬಂದ ಸಿಡುಕು ಬೇರೆ. ಎರಡನೆಯದಕ್ಕೆ ತಪಾಸಣೆ ಆಗಲೇಬೇಕು.

ನಮ್ಮಲ್ಲಿ ಬಹಳ ಸಾಮಾನ್ಯವಾದ ಕಾರಣ ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ತಿಂಡಿ ಬಿಡುವುದು. ಕೆಲವು ಮಾತ್ರೆಗಳೂ ಇನ್ಸುಲಿನ್ ಚುಚ್ಚುಮದ್ದೂ ಹೊಟ್ಟೆ ಖಾಲಿಯಿದ್ದರೆ ರಕ್ತದ ಸಕ್ಕರೆಯನ್ನು ತೀರಾ ಇಳಿಸುತ್ತವೆ. ಕೈ ನಡುಕ, ಬೆವರು, ಎದೆಬಡಿತದ ಜೊತೆಗೆ ಸಿಡುಕು, ಗೊಂದಲದ ಮಾತು ಬರುತ್ತದೆ. ಹನ್ನೊಂದು ಗಂಟೆಗೆ ಕೂಗಾಡುವ ನಿಮ್ಮ ಸಹೋದ್ಯೋಗಿ ಮಧುಮೇಹಿಯಾಗಿದ್ದು, ಮೈ ಬೆವರುತ್ತಿದ್ದರೆ ವಾದ ಮಾಡಬೇಡಿ. ಪ್ರಜ್ಞೆಯಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಡಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆ.

ಥೈರಾಯಿಡ್ ಗ್ರಂಥಿ ಅತಿಯಾಗಿ ಸ್ರವಿಸಿದರೂ ಮನುಷ್ಯ ಕೆರಳುತ್ತಾನೆ. ತೂಕ ಇಳಿಯುವುದು, ಸೆಕೆ ತಡೆಯಲಾಗದಿರುವುದು ಅದರ ಸುಳಿವು. ರಕ್ತಹೀನತೆ ಇನ್ನೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸದಾ ಸುಸ್ತಾಗಿರುವವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಮುಟ್ಟಿನ ಮುಂಚಿನ ದಿನಗಳು, ಮುಟ್ಟು ನಿಲ್ಲುವ ಕಾಲ, ನಿಲ್ಲದ ಮಂಡಿ ನೋವು, ಹಿಂದಿನ ರಾತ್ರಿಯ ಕುಡಿತ, ಹೊಗೆಸೊಪ್ಪು ಬಿಟ್ಟ ಮೊದಲ ವಾರಗಳು, ಇವೂ ಈ ಪಟ್ಟಿಯಲ್ಲಿವೆ. ಕಿವಿ ಮಂದವಾದವರು ಬೈಯುತ್ತಿಲ್ಲ, ಬರೀ ಗಟ್ಟಿಯಾಗಿ ಮಾತನಾಡುತ್ತಿದ್ದಾರೆ ಎಂಬುದೂ ಎಷ್ಟೋ ಕಡೆ ತಿಳಿಯದೆ ಉಳಿದಿರುತ್ತದೆ.

ಗಂಡಸರಲ್ಲಿ ಖಿನ್ನತೆ ಅನೇಕ ಸಲ ಅಳುವಾಗಿ ಕಾಣಿಸುವುದಿಲ್ಲ, ಸಿಡುಕಾಗಿ ಕಾಣಿಸುತ್ತದೆ. ಊಟ ಬೇಡ, ನಿದ್ದೆ ಇಲ್ಲ, ಯಾರೂ ಬೇಡ, ಮಾತನಾಡಿಸಿದರೆ ರೇಗುವುದು, ಇದು ಎರಡು ವಾರ ಮೀರಿದರೆ ಅದನ್ನು ಅಹಂಕಾರ ಎಂದು ಬಿಡಬೇಡಿ. ಐವತ್ತು ದಾಟಿದ, ಅದುವರೆಗೆ ಸೌಮ್ಯರಾಗಿದ್ದವರು ನಾಚಿಕೆ ಬಿಟ್ಟು ಒರಟಾಗಿ ವರ್ತಿಸತೊಡಗಿದರೆ ಮಿದುಳಿನ ಪರೀಕ್ಷೆಯೂ ಬೇಕಾಗಬಹುದು.

ಸಿಡುಕುವವರ ಹೃದಯಕ್ಕೂ ಬೆಲೆ ತೆರಬೇಕಾಗುತ್ತದೆ. ಹೃದಯಾಘಾತವಾದ 1,623 ರೋಗಿಗಳನ್ನು ವಿಚಾರಿಸಿ 1995ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಂತೆ, ವಿಪರೀತ ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ.

ಏನು ಮಾಡಬಹುದು?

'ಕೂಗಾಡಿದರೆ ಮನಸ್ಸು ಹಗುರವಾಗುತ್ತದೆ' ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಬುಶ್‌ಮನ್ ಎಂಬ ಸಂಶೋಧಕರು 2002ರಲ್ಲಿ ಸಿಟ್ಟಾದವರಿಗೆ ಗುದ್ದುವ ಚೀಲ ಕೊಟ್ಟು, ಸಿಟ್ಟು ತರಿಸಿದವರನ್ನು ನೆನೆಯುತ್ತಾ ಗುದ್ದಲು ಹೇಳಿದರು. ಅವರ ಸಿಟ್ಟು ಇಳಿಯುವ ಬದಲು ಏರಿತು. ಸುಮ್ಮನೆ ಕುಳಿತವರದೇ ಮೇಲಾಗಿತ್ತು. 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2024ರ ವರದಿಯೂ ಇದೇ ದಾರಿ ತೋರಿಸುತ್ತದೆ. ಉಸಿರಾಟ, ಯೋಗ, ಸ್ನಾಯುಗಳನ್ನು ಸಡಿಲಿಸುವಂಥ, ಮೈಯ ಕಾವು ತಗ್ಗಿಸುವ ಕ್ರಮಗಳು ಸಿಟ್ಟನ್ನು ಇಳಿಸುತ್ತವೆ. ಓಟದಂಥ ಕಾವೇರಿಸುವ ಕ್ರಮಗಳು ಸಿಟ್ಟಿಗೆ ಮದ್ದಲ್ಲ, ಹೃದಯಕ್ಕೆ ಒಳ್ಳೆಯದಾದರೂ ಸಹ.

ಮನೆಗೂ ಕೆಲಸಕ್ಕೂ ನಡುವೆ ಪ್ರಯಾಣವಿದೆಯಲ್ಲ, ಅದು ಉಪಯೋಗಕ್ಕೆ ಬರುವ ಸಮಯ. ಬಸ್ಸು ಹತ್ತಿದ ಮೇಲೆ ಮನೆಗೆ ಒಂದೇ ಒಂದು ಸಂದೇಶ ಕಳಿಸಿ, 'ಸಂಜೆ ಮಾತಾಡೋಣ' ಎಂದು. ನಂತರ ಫೋನು ಜೇಬಿಗೆ. ನಾಲ್ಕು ಎಣಿಸುವಷ್ಟು ಉಸಿರು ಒಳಕ್ಕೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಕ್ಕೆ, ಐದು ನಿಮಿಷ. ಕಟ್ಟಿಕೊಂಡ ತಿಂಡಿಯನ್ನು ಕಚೇರಿಗೆ ಹೋದೊಡನೆ, ಮೊದಲ ಅರ್ಜಿ ಮುಟ್ಟುವ ಮುನ್ನ ತಿನ್ನಿ. ಹಣದ ಮಾತು, ಜಮೀನಿನ ಮಾತು, ಮಕ್ಕಳ ಅಂಕದ ಮಾತು ಬೆಳಗ್ಗೆ ಬೇಡವೆಂದು ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ, ನಿಜ. ಆದರೆ ಅದನ್ನು ಮಾತಾಡಲು ಸಂಜೆ ಇಬ್ಬರಿಗೂ ಅರ್ಧ ಗಂಟೆಯಾದರೂ ಸಿಗುತ್ತದೆ.

ಜೊತೆಯವರಿಗೆ 'ಇವತ್ತು ಮನಸ್ಸು ಸರಿ ಇಲ್ಲ' ಎಂದು ಮೊದಲೇ ಹೇಳಿಬಿಡುವುದು ನಮ್ಮವರಿಗೆ ಕಷ್ಟ. ಹೇಳಿ ನೋಡಿ; ಅರ್ಧ ದಿನ ಕಿಟಕಿ ನೋಡಿಕೊಳ್ಳುವವರು ಒಬ್ಬರಾದರೂ ಸಿಗುತ್ತಾರೆ. ಮೇಲಧಿಕಾರಿಗಳಾದವರು ಸಿಡುಕಿದ ನೌಕರರನ್ನು ಜನರೆದುರು ಗದರಬೇಡಿ. ಒಳಗೆ ಕರೆದು, 'ಮನೆಯಲ್ಲಿ ಎಲ್ಲ ಸರಿಯಿದೆಯಾ?' ಎಂದು ಕೇಳಿ, ಆಮೇಲೆ ದೂರಿನ ಮಾತಾಡಿ. ಕೇಳುವುದೆಂದರೆ ಕ್ಷಮಿಸುವುದಲ್ಲ. ವೃದ್ಧರನ್ನು ಏಕವಚನದಲ್ಲಿ ಕರೆದದ್ದಕ್ಕೆ ಅವರ ಬಳಿ ಹೋಗಿ ಒಂದು ಮಾತು ಹೇಳಿ ಬರಬೇಕಾದದ್ದು ಆ ನೌಕರರೇ.

ಬೈಸಿಕೊಂಡವರು ಅದೇ ಸ್ವರದಲ್ಲಿ ತಿರುಗಿ ಕೊಟ್ಟರೆ ಕೆಲಸ ಕೆಡುತ್ತದೆ. ಬಹುವಚನದಲ್ಲೇ, ನಿಧಾನವಾಗಿ, 'ನನ್ನ ಅರ್ಜಿ ಯಾವಾಗ ಕೊಟ್ಟದ್ದು, ಯಾವತ್ತು ಬರಲಿ ಹೇಳಿ' ಎಂದು ಕೇಳಿ. 2011ರ 'ಸಕಾಲ' ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗಳಿಗೆ ದಿನ ಗೊತ್ತುಪಡಿಸಲಾಗಿದೆ. ಸ್ವೀಕೃತಿ ಸಂಖ್ಯೆ ಕೈಯಲ್ಲಿದ್ದರೆ ಗಂಟಲು ಏರಿಸುವ ಅಗತ್ಯ ಇಬ್ಬರಿಗೂ ಕಡಿಮೆ.

ಇಷ್ಟಾದರೂ ಸಿಟ್ಟು ಕೈ ಮೀರುತ್ತಿದ್ದರೆ, ಮನೆಯಲ್ಲಿ ಕೈ ಮಾಡುವ ಮಟ್ಟಕ್ಕೆ ಹೋಗಿದ್ದರೆ, ಅಥವಾ ಸಾಯುವ ಮಾತು ಬರುತ್ತಿದ್ದರೆ ಕಾಯಬೇಡಿ. ರಾಜ್ಯ ಸರ್ಕಾರದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರೂಪಿಸಲಾಗಿದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ವಾರವೆಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಇದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ, 'ಈಚೆಗೆ ಎಲ್ಲರ ಮೇಲೂ ರೇಗುತ್ತಿದ್ದೇನೆ' ಎಂದಷ್ಟೇ ಹೇಳಿದರೂ ಸಾಕು, ಉಳಿದದ್ದನ್ನು ಆ ಕಡೆಯವರೇ ಕೇಳುತ್ತಾರೆ.